ಪರಿಚಯ ಫೋನಿನಲ್ಲೇ ಇದೆ: ಕೆಲಸ ಹುಡುಕುತ್ತಿರುವ ತುಮಕೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ರೆಸ್ಯೂಮೆ ನೋಡುವುದು, ಫೋನ್ ಮಾಡಿ ಕರೆಯುವುದು, ಗೇಟಿನ ಹತ್ತಿರ ಕಾಯುತ್ತಿದ್ದವರನ್ನು ಒಳಗೆ ಕೂರಿಸುವುದು ನನ್ನ ಕೆಲಸ. ಈಗ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲೇ ಬಡಾವಣೆಯ ಹುಡುಗ ಹುಡುಗಿಯರ ಜೊತೆ ಕೂರುತ್ತೇನೆ. ಗುಬ್ಬಿ, ಕೊರಟಗೆರೆ, ಸಿರಾ ಕಡೆಯಿಂದಲೂ ಬರುತ್ತಾರೆ. ಬರುವವರು ಬೇರೆ ಬೇರೆ, ಕೇಳುವುದು ಹೆಚ್ಚುಕಡಿಮೆ ಅದೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಇನ್ನೂರು ಕಡೆ ಅಪ್ಲೈ ಮಾಡಿದ್ದೀನಿ, ಒಂದು ಫೋನೂ ಬಂದಿಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?

ಇಲ್ಲ. ಆ ಯೋಚನೆಯನ್ನು ಮೊದಲು ಬಿಡಿ. ನಾನು ಒಂದು ಸಣ್ಣ ಕ್ವಾಲಿಟಿ ಹುದ್ದೆಗೆ ಜಾಹೀರಾತು ಹಾಕಿದರೂ ಎರಡು ದಿನದಲ್ಲಿ ಮುನ್ನೂರು ನಾನೂರು ಅರ್ಜಿ ಬಂದು ಬೀಳುತ್ತಿದ್ದವು. ಅರವತ್ತು ಎಪ್ಪತ್ತು ತೆರೆಯುವಷ್ಟರಲ್ಲಿ ಇಂಟರ್‌ವ್ಯೂಗೆ ಬೇಕಾದ ಐದು ಜನ ಸಿಕ್ಕಿಬಿಡುತ್ತಿದ್ದರು. ಉಳಿದವರ ರೆಸ್ಯೂಮೆಯನ್ನು ನಾನು ತೆರೆದೇ ನೋಡಲಿಲ್ಲ. ಅವರಲ್ಲಿ ಒಳ್ಳೆಯವರು ಇದ್ದೇ ಇದ್ದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೊರೆಯುತ್ತದೆ.

ಅಷ್ಟರಲ್ಲಿ ನಮ್ಮ ಲೈನ್ ಸೂಪರ್‌ವೈಸರ್ ಬಂದು, "ನಮ್ಮೂರ ಕಡೆ ಹುಡುಗ ಒಬ್ಬ ಇದ್ದಾನೆ, ಮೈಕ್ರೋಮೀಟರ್ ಸರಿಯಾಗಿ ಓದ್ತಾನೆ" ಅನ್ನುತ್ತಿದ್ದರು. ಆ ಹುಡುಗನನ್ನೂ ಕರೆಯುತ್ತಿದ್ದೆವು. ಅವನಿಗೆ ಕೆಲಸ ಕೊಟ್ಟೇಬಿಟ್ಟೆವು ಅಂತ ಅಲ್ಲ. ಆದರೆ ಅವನ ರೆಸ್ಯೂಮೆ ನಾನೂರರ ರಾಶಿಯಿಂದ ನನ್ನ ಕೈಗೆ ಬಂತು. ಕೆಳಗೆ ಬರೆದಿರುವುದೆಲ್ಲ ಆ ಒಂದು ದಾರಿಯ ಬಗ್ಗೆಯೇ.

ಇನ್ನೊಂದು ವಿಷಯ. ನೌಕ್ರಿಯಂಥ ಕೆಲಸದ ವೆಬ್‌ಸೈಟಿನಲ್ಲಿ ನಾವು ಹುಡುಕುವಾಗ ಇತ್ತೀಚೆಗೆ ಪ್ರೊಫೈಲ್ ತೆರೆದವರನ್ನೇ ಸೋಸಿ ನೋಡುತ್ತೇವೆ. ಆರು ತಿಂಗಳ ಹಿಂದೆ ಹಾಕಿ ಮರೆತ ಪ್ರೊಫೈಲ್ ನಮ್ಮ ಕಣ್ಣಿಗೆ ಬೀಳುವುದೇ ಕಷ್ಟ. ವಾರಕ್ಕೆ ಒಂದೆರಡು ಸಲ ಒಳಗೆ ಹೋಗಿ, ಒಂದು ಸಾಲಾದರೂ ತಿದ್ದಿ ಬನ್ನಿ.

ಪರಿಚಯದವರ ಹತ್ತಿರ ಕೆಲಸ ಕೇಳೋದು ಶಿಫಾರಸು ಆಗಲ್ವಾ? ಮುಜುಗರ ಆಗುತ್ತೆ.

ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ಅದು ಮರ್ಯಾದೆ ಇರುವವರಿಗೆ ಆಗುವಂಥದ್ದೇ. ಆದರೆ ಎರಡಕ್ಕೂ ವ್ಯತ್ಯಾಸ ಇದೆ. ಬಾರದ ಕೆಲಸವನ್ನು ಹೆಸರು ಹೇಳಿ ಕೊಡಿಸಿಕೊಳ್ಳುವುದು ಶಿಫಾರಸು. ಬರುವ ಕೆಲಸವನ್ನು "ನನಗೆ ಇದು ಬರುತ್ತೆ, ಎಲ್ಲಾದರೂ ಬೇಕಾದರೆ ತಿಳಿಸಿ" ಅಂತ ನಾಲ್ಕು ಜನರಿಗೆ ಹೇಳಿಡುವುದು ಬರೀ ಸುದ್ದಿ. ಮನೆ ಬಾಡಿಗೆಗೆ ಬೇಕಾದಾಗ ನಾಲ್ಕು ಜನರಿಗೆ ಹೇಳುತ್ತೀರಿ, ಅಲ್ವಾ? ಹೆಣ್ಣು ಗಂಡು ನೋಡುವಾಗ ಇಡೀ ಬಂಧುಬಳಗಕ್ಕೇ ಹೇಳುತ್ತೀರಿ. ಕೆಲಸದ ವಿಷಯವನ್ನು ಮಾತ್ರ ಯಾಕೆ ಮುಚ್ಚಿಡಬೇಕು?

ನನಗೆ ಯಾರೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ತೋಟದ ಕೆಲಸದವರೇ. ನಾನೇನು ಮಾಡಲಿ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇದನ್ನು ಕೇಳಿದವರೆಲ್ಲ ತಮ್ಮ ಪರಿಚಯವನ್ನು ತೀರಾ ಕಡಿಮೆ ಲೆಕ್ಕ ಹಾಕಿಕೊಂಡಿರುತ್ತಾರೆ.

ಅಮೆರಿಕದ ಸಮಾಜ ವಿಜ್ಞಾನಿ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಬರೆದರು. ಬಾಸ್ಟನ್ ಪಕ್ಕದ ಊರೊಂದರಲ್ಲಿ, ಪರಿಚಯದ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ್ದರು: ಸುದ್ದಿ ಕೊಟ್ಟ ಆ ಮನುಷ್ಯನನ್ನು ಆಗ ನೀವು ಎಷ್ಟು ಸಲ ನೋಡುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಅಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ 55.6. ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚು ಅಂದವರು ಶೇ 27.8. ಆಗ ಇಂಟರ್‌ನೆಟ್ ಇರಲಿಲ್ಲ. ಆಮೇಲೆ ಕೆಲಸದ ಪರಿಚಯಕ್ಕೇ ಇರುವ ಲಿಂಕ್ಡ್‌ಇನ್‌ ಜಾಲತಾಣದಲ್ಲಿ ಎರಡು ಕೋಟಿಗೂ ಹೆಚ್ಚು ಜನರ ಐದು ವರ್ಷದ ಲೆಕ್ಕ ನೋಡಿ, 2022ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲೂ ತೀರಾ ಹತ್ತಿರದವರಿಗಿಂತ ಅರ್ಧಂಬರ್ಧ ಪರಿಚಯದವರಿಂದಲೇ ಹೊಸ ಕೆಲಸಕ್ಕೆ ಜಾಸ್ತಿ ದಾರಿ ಆಗಿತ್ತು.

ಕಾರಣ ನಮ್ಮ ಊರಿನಲ್ಲೇ ಕಾಣುತ್ತದೆ. ನಿಮ್ಮ ಪ್ರಾಣ ಸ್ನೇಹಿತರೆಲ್ಲ ಒಂದೇ ಟೀ ಅಂಗಡಿ ಮುಂದೆ ನಿಲ್ಲುವವರು. ನಿಮಗೆ ಗೊತ್ತಿರುವುದೇ ಅವರಿಗೂ ಗೊತ್ತು. ಅವರೂ ಕೆಲಸ ಹುಡುಕುತ್ತಿರುತ್ತಾರೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಯಾವ ಕಂಪನಿಯಲ್ಲಿ ಎರಡನೇ ಶಿಫ್ಟ್ ಶುರುವಾಗುತ್ತಿದೆ ಅನ್ನುವುದು ಅಲ್ಲಿ ಕ್ಯಾಂಟೀನ್ ನಡೆಸುವವರಿಗೆ, ಬಸ್ ಓಡಿಸುವವರಿಗೆ, ಮೂರು ವರ್ಷದ ಹಿಂದೆ ನಿಮ್ಮ ಬೆಂಚಿನಲ್ಲಿ ಕೂತಿದ್ದವನಿಗೆ ಗೊತ್ತಿರುತ್ತದೆ.

ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಐಟಿಐ ಟರ್ನರ್. ನಮ್ಮೂರಿನಲ್ಲೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಒಂದು ವರ್ಷ ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಲೇತ್) ಮೇಲೆ ಕೆಲಸ ಮಾಡಿದ್ದ. ಆರ್ಡರ್ ಇಲ್ಲದೆ ಅದು ನಿಂತುಹೋಯಿತು. "ನಂಗೆ ಯಾರೂ ಗೊತ್ತಿಲ್ಲ ಮೇಡಂ" ಅಂದ. ಫೋನ್ ತೆಗೆದು ಕಾಂಟ್ಯಾಕ್ಟ್ಸ್ ಓದು ಅಂದೆ. 412 ನಂಬರ್ ಇದ್ದವು. ಒಂದೊಂದೇ ಓದುತ್ತಾ ಹೋದ. "ಐಟಿಐ ಸರ್". "ಕ್ರಿಕೆಟ್ ಮಂಜ". "ಗ್ಯಾಸ್". "ರೂಮ್ ಓನರ್ ಅಂಕಲ್". "ಟ್ರೈನ್ ಅಣ್ಣ". ಟ್ರೈನ್ ಅಣ್ಣ ಯಾರು ಅಂತ ಕೇಳಿದೆ. ಮೊದಲು ಕೆಲವು ತಿಂಗಳು ಪೀಣ್ಯಕ್ಕೆ ಟ್ರೈನಿಂಗ್‌ಗೆ ಹೋಗುವಾಗ ಬೆಳಿಗ್ಗೆ ರೈಲಿನಲ್ಲಿ ಸಿಗುತ್ತಿದ್ದ ಒಬ್ಬರಂತೆ. ಸೀಟ್ ಹಿಡಿದಿಡುತ್ತಿದ್ದರಂತೆ. ಎಲ್ಲಿ ಕೆಲಸ ಅಂದರೆ, "ಯಾವುದೋ ಟೂಲ್ ರೂಮ್" ಅಂದ. ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ಜಾಗ ಅದು. ಟರ್ನರ್ ಹುಡುಗನಿಗೆ ಟೂಲ್ ರೂಮಿನಲ್ಲಿ ಇರುವವರ ನಂಬರ್ ಫೋನಿನಲ್ಲಿತ್ತು. ಒಂದೂವರೆ ವರ್ಷದಿಂದ ಮಾತಾಡಿರಲಿಲ್ಲ, ಅಷ್ಟೇ.

ನೀವೂ ಹಾಗೆ ಓದಿ. ಒಂದು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಹೆಸರು ಬರೆಯಿರಿ. ಪಕ್ಕದಲ್ಲಿ ಅವರು ಎಲ್ಲಿದ್ದಾರೆ ಅಂತ ಬರೆಯಿರಿ. ಗೊತ್ತಿಲ್ಲದಿದ್ದರೆ ಅದೇ ಮೊದಲ ಮೆಸೇಜಿಗೆ ನೆಪ.

ಹಾಗಾದರೆ ಅವರಿಗೆ ಏನಂತ ಮೆಸೇಜ್ ಹಾಕಲಿ?

ಆ ಹುಡುಗ ಮೊದಲು ಟೈಪ್ ಮಾಡಿದ್ದು ಇದು: "ಹಾಯ್ ಅಣ್ಣ ಯಾವ್ದಾದ್ರೂ ಜಾಬ್ ಇದ್ರೆ ಹೇಳಿ ಅಣ್ಣ ಪ್ಲೀಸ್." ನಾನು ಕಳಿಸಬೇಡ ಅಂದೆ. ಇದನ್ನು ಓದಿದವರಿಗೆ ನೀವು ಯಾರು ಅಂತ ನೆನಪಾಗುವುದಿಲ್ಲ. ಯಾವ ಕೆಲಸ ಅಂತಲೂ ತಿಳಿಯುವುದಿಲ್ಲ. ಕೆಲಸ ಕೊಡಿಸುವ ಭಾರ ಪೂರ್ತಿ ಅವರ ತಲೆ ಮೇಲೆ. ಹಾಗಾಗಿ "ನೋಡ್ತೀನಿ" ಅಂದು ಸುಮ್ಮನಾಗುತ್ತಾರೆ.

ಇಬ್ಬರೂ ಕೂತು ಬರೆದದ್ದು ಇದು:

"ಅಣ್ಣ ನಮಸ್ಕಾರ. ಬೆಳಿಗ್ಗೆ ರೈಲಿನಲ್ಲಿ ಕ್ಯಾತ್ಸಂದ್ರದಲ್ಲಿ ಹತ್ತುತ್ತಿದ್ದೆನಲ್ಲ, ನನಗೆ ಸೀಟ್ ಹಿಡಿದಿಡ್ತಿದ್ರಿ. ಐಟಿಐ ಟರ್ನರ್ ಆದ ಮೇಲೆ ಒಂದು ವರ್ಷ ಸಿಎನ್‌ಸಿ ಲೇತ್ ಮೇಲೆ ಕೆಲಸ ಮಾಡಿದ್ದೀನಿ. ಡ್ರಾಯಿಂಗ್ ಓದ್ತೀನಿ, ಆಫ್‌ಸೆಟ್ ಹಾಕ್ತೀನಿ, ಪ್ರೋಗ್ರಾಂ ಬರೆಯೋಕೆ ಇನ್ನೂ ಬರಲ್ಲ. ಈಗ ಆ ವರ್ಕ್‌ಶಾಪ್ ನಿಂತಿದೆ. ನಿಮ್ಮ ಕಡೆ ಇಂಥ ಕೆಲಸಕ್ಕೆ ಹುಡುಗರನ್ನು ತಗೊಳ್ಳುವಾಗ ಏನೇನು ನೋಡ್ತಾರೆ ಅಂತ ಕೇಳಬೇಕಿತ್ತು. ಭಾನುವಾರ ಹತ್ತು ನಿಮಿಷ ಫೋನ್ ಮಾಡಲಾ?"

ಇದರಲ್ಲಿ ಕೆಲಸ ಕೊಡಿ ಅಂತ ಎಲ್ಲೂ ಇಲ್ಲ. ಆದರೂ ಓದಿದವರಿಗೆ ವಿಷಯ ಪೂರ್ತಿ ತಿಳಿಯುತ್ತದೆ. ಬಾರದ್ದನ್ನು ಬರುವುದಿಲ್ಲ ಅಂತ ಬರೆದದ್ದೇ ಉಳಿದದ್ದನ್ನು ನಂಬುವ ಹಾಗೆ ಮಾಡುತ್ತದೆ. ನಾನು ಎಚ್‌ಆರ್‌ನಲ್ಲಿದ್ದಾಗ ಇಂಥ ಮೆಸೇಜ್ ಬಂದಿದ್ದರೆ ಅದನ್ನು ಅಳಿಸುತ್ತಿರಲಿಲ್ಲ.

ಒಂದೇ ಮೆಸೇಜನ್ನು ಐವತ್ತು ಜನರಿಗೆ ಫಾರ್ವರ್ಡ್ ಮಾಡಬೇಡಿ. ಮೇಲ್ಗಡೆ ಫಾರ್ವರ್ಡ್ ಅಂತ ಕಾಣಿಸುತ್ತದೆ, ಓದುವವರಿಗೆ ಬೇಜಾರಾಗುತ್ತದೆ.

ಉತ್ತರ ಬರದಿದ್ದರೆ?

ಒಂದು ವಾರ ಬಿಟ್ಟು ಇನ್ನೊಂದು ಸಲ ಕೇಳಿ. ಆಮೇಲೆ ಬಿಡಿ. ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಇರಬಹುದು, ಆಡಿಟ್ ಇರಬಹುದು. ಬೇಜಾರು ಮಾಡಿಕೊಂಡು ಬ್ಲಾಕ್ ಮಾಡುವುದಂತೂ ಬೇಡವೇ ಬೇಡ.

ಲಿಂಕ್ಡ್‌ಇನ್ ಇಂಜಿನಿಯರ್‌ಗಳಿಗೆ ಮಾತ್ರ ಅಲ್ವಾ? ನಾನು ಐಟಿಐ, ಡಿಪ್ಲೊಮಾ ಓದಿದವನು.

ಡಿಪ್ಲೊಮಾ, ಬಿಕಾಂ, ಬಿಎಸ್ಸಿ ಓದಿದವರಿಗೆ ಖಂಡಿತ ಬೇಕು. ಐಟಿಐ ಹುಡುಗರಿಗೆ ವಾಟ್ಸ್ಆ್ಯಪ್, ಅಪ್ನಾ, ವರ್ಕ್‌ಇಂಡಿಯಾ ಥರದ ಆ್ಯಪ್‌ಗಳೇ ಬೇಗ ಕೈಗೆ ಹತ್ತುತ್ತವೆ. ಆದರೂ ಒಂದು ಲಿಂಕ್ಡ್‌ಇನ್ ಖಾತೆ ಇಟ್ಟಿರಿ. ನಿಮ್ಮ ಕಾಲೇಜಿನ ಹೆಸರು ಹಾಕಿ ಹುಡುಕಿದರೆ ಅಲ್ಲಿ ಓದಿದವರು ಈಗ ಎಲ್ಲೆಲ್ಲಿ ಇದ್ದಾರೆ ಅಂತ ಪಟ್ಟಿಯೇ ಬರುತ್ತದೆ. ತುಮಕೂರಿನ ಕಾಲೇಜುಗಳಲ್ಲಿ ಓದಿದವರು ಎಲ್ಲ ಕಡೆ ಇದ್ದಾರೆ. "ನಾನೂ ಅದೇ ಕಾಲೇಜು ಸರ್" ಅನ್ನುವ ಒಂದು ಸಾಲಿಗೆ ಜನ ಕರಗುತ್ತಾರೆ. ನಾನೂ ಕರಗುತ್ತಿದ್ದೆ.

ಪ್ರೊಫೈಲಿನಲ್ಲಿ ಏನು ಬರೆಯಬೇಕು?

ಹೆಸರಿನ ಕೆಳಗಿನ ಸಾಲು ಎಲ್ಲಕ್ಕಿಂತ ಮುಖ್ಯ. ಲಿಂಕ್ಡ್‌ಇನ್‌ನಲ್ಲಿ ಅಲ್ಲಿ 220 ಅಕ್ಷರ ಜಾಗ ಕೊಡುತ್ತಾರೆ. "ಫ್ರೆಶರ್, ಕೆಲಸ ಹುಡುಕುತ್ತಿದ್ದೇನೆ" ಅಂತ ಬರೆದು ಆ ಜಾಗ ಹಾಳು ಮಾಡಬೇಡಿ. ಯಾರೂ "ಫ್ರೆಶರ್" ಅಂತ ಟೈಪ್ ಮಾಡಿ ಟ್ಯಾಲಿ ಬರುವ ಅಕೌಂಟೆಂಟ್‌ನನ್ನು ಹುಡುಕುವುದಿಲ್ಲ. "ಬಿಕಾಂ, ಟ್ಯಾಲಿ ಪ್ರೈಮ್, ಜಿಎಸ್‌ಟಿ ರಿಟರ್ನ್, ತುಮಕೂರು" ಅಂತ ಬರೆಯಿರಿ. ಹುಡುಕುವವರು ಟೈಪ್ ಮಾಡುವ ಪದಗಳು ಅವೇ.

ಊರಿನ ಹೆಸರಿನಲ್ಲೂ ಒಂದು ಸೂಕ್ಷ್ಮ ಇದೆ. 2014ರ ನವೆಂಬರ್ 1ರಂದು ನಮ್ಮೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ Tumkur ಹೋಗಿ Tumakuru ಆಯಿತು. ಆದರೆ ಬೆಂಗಳೂರಿನ ಎಷ್ಟೋ ರಿಕ್ರೂಟರ್‌ಗಳು ಇವತ್ತಿಗೂ ಹಳೆಯ ಸ್ಪೆಲ್ಲಿಂಗ್ ಹಾಕಿಯೇ ಹುಡುಕುತ್ತಾರೆ. ರೆಸ್ಯೂಮೆಯ ವಿಳಾಸದಲ್ಲಿ ಹೊಸದು, ಕೆಳಗೆ ಎಲ್ಲಾದರೂ ಹಳೆಯದು, ಎರಡೂ ಇರಲಿ. ನೆಲಮಂಗಲ, ದಾಬಸ್‌ಪೇಟೆ, ಪೀಣ್ಯಕ್ಕೆ ಓಡಾಡಲು ತಯಾರಿದ್ದರೆ ಅದನ್ನೂ ಬರೆಯಿರಿ. ದೂರದ ಹುಡುಗ ಬರುತ್ತಾನೋ ಇಲ್ಲವೋ ಅನ್ನುವ ಅನುಮಾನಕ್ಕೇ ಎಷ್ಟೋ ರೆಸ್ಯೂಮೆ ಪಕ್ಕಕ್ಕೆ ಹೋಗುತ್ತವೆ.

ಫೋನ್ ನಂಬರ್ ಎರಡು ಸಲ ಓದಿ. ಸಿಮ್ ಬದಲಿಸಿ, ರೆಸ್ಯೂಮೆಯಲ್ಲಿ ಹಳೆಯ ನಂಬರ್ ಬಿಟ್ಟವರಿಗೆ ನಾನೇ ಎಷ್ಟು ಸಲ ಫೋನ್ ಮಾಡಿ ಸೋತಿದ್ದೇನೋ.

ಇಂಗ್ಲಿಷ್ ಸರಿಯಾಗಿ ಬರಲ್ಲ.

ಪ್ರೊಫೈಲ್ ಇಂಗ್ಲಿಷಿನಲ್ಲಿರಲಿ, ಸಣ್ಣ ಸಣ್ಣ ಸಾಲು ಸಾಕು. ಯಾರಾದರೂ ಬಲ್ಲವರ ಹತ್ತಿರ ತಿದ್ದಿಸಿ. ಆದರೆ ಕನ್ನಡದವರು ಅಂತ ಗೊತ್ತಿದ್ದರೆ ಮೆಸೇಜ್ ಕನ್ನಡದಲ್ಲೇ ಹಾಕಿ. ಎಲ್ಲಿಂದಲೋ ಕಾಪಿ ಮಾಡಿದ ದೊಡ್ಡ ಇಂಗ್ಲಿಷ್ ಪತ್ರಕ್ಕಿಂತ ನಿಮ್ಮ ಮಾತೇ ಚೆನ್ನಾಗಿ ಕೇಳಿಸುತ್ತದೆ. ಆ ಪತ್ರ ನೋಡಿ ಇಂಟರ್‌ವ್ಯೂಗೆ ಕರೆದಾಗ ಎರಡೇ ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ವಾಟ್ಸ್ಆ್ಯಪ್ ಜಾಬ್ ಗ್ರೂಪುಗಳಿಗೆ ಸೇರಬಹುದಾ?

ಸೇರಿ, ಆದರೆ ಮೂರು ನಾಲ್ಕು ಸಾಕು. ನಿಮ್ಮ ಬ್ಯಾಚಿನ ಗ್ರೂಪ್, ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಗ್ರೂಪ್, ರೈಲಿನಲ್ಲಿ ಓಡಾಡುವವರ ಗ್ರೂಪ್, ಇವು ಚಿನ್ನ. ಅಲ್ಲಿ ಸುದ್ದಿ ಹಾಕುವವರ ಮುಖ ನಿಮಗೆ ಗೊತ್ತಿರುತ್ತದೆ. ಸಾವಿರ ಜನ ಇರುವ, ಅಡ್ಮಿನ್ ಯಾರು ಅಂತಲೇ ಗೊತ್ತಿಲ್ಲದ ಗ್ರೂಪಿನಲ್ಲಿ ನಿಮ್ಮ ನಂಬರ್ ಎಲ್ಲರಿಗೂ ಸಿಗುತ್ತದೆ. ಹೆಣ್ಣುಮಕ್ಕಳು ಪ್ರೊಫೈಲ್ ಫೋಟೊವನ್ನು ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಕಾಣುವ ಹಾಗೆ ಮೊದಲೇ ಮಾಡಿಕೊಳ್ಳಿ. ಕೆಲಸ ಹುಡುಕಲು ಒಂದು ಬೇರೆ ಸಿಮ್, ಬೇರೆ ಇಮೇಲ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ನನ್ನ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನೋಡ್ತಾರಾ?

ಕೆಲವರು ನೋಡುತ್ತಾರೆ. ನಾನು ನೋಡುತ್ತಿದ್ದೆ. ಹಬ್ಬದ ಫೋಟೊ, ಜಾತ್ರೆ ಫೋಟೊ, ಗೆಳೆಯರ ಜೊತೆ ನಕ್ಕಿದ್ದು, ಅದರಿಂದ ಯಾರಿಗೂ ತೊಂದರೆ ಇಲ್ಲ. ಹಳೆಯ ಕಂಪನಿಯನ್ನು, ಮೇಲಿನವರನ್ನು ಬೈದು ಹಾಕಿದ್ದು, ಜಾತಿ ಧರ್ಮ ಎತ್ತಿ ಬೈದಿದ್ದು ಕಂಡರೆ ಕೈ ಹಿಂದೆ ಸರಿಯುತ್ತದೆ.

ಕೈಕೆಲಸ ಇರುವವರಿಗೆ ಇನ್‌ಸ್ಟಾಗ್ರಾಂ ರೆಸ್ಯೂಮೆಗಿಂತ ದೊಡ್ಡದು. ತಿಪಟೂರಿನ ಒಬ್ಬಳು ಬ್ಲೌಸ್ ಮೇಲೆ ಆರಿ ವರ್ಕ್ ಮಾಡುತ್ತಾಳೆ. ಚೌಕಟ್ಟಿಗೆ ಬಟ್ಟೆ ಬಿಗಿದು, ಸೂಜಿ ಹೋಗಿ ಬರುವುದನ್ನು ಹತ್ತಿರದಿಂದ ತೆಗೆದ ಮೂವತ್ತು ಸೆಕೆಂಡಿನ ವಿಡಿಯೊ ಹಾಕುತ್ತಿದ್ದಳು. ಮುಖವನ್ನೇ ತೋರಿಸುತ್ತಿರಲಿಲ್ಲ, ಕೈ ಮಾತ್ರ. ತುಮಕೂರಿನ ಒಂದು ಬೊಟಿಕ್‌ನವರು ಆ ಕೈ ನೋಡಿಯೇ ಕರೆದರು.

ಈಗ ಒಂದು ಕಡೆ ಕೆಲಸದಲ್ಲಿದ್ದೀನಿ. ಬೇರೆ ಕಡೆ ಹುಡುಕ್ತಿರೋದು ಆಫೀಸಿಗೆ ಗೊತ್ತಾಗಬಾರದು.

ಲಿಂಕ್ಡ್‌ಇನ್‌ನಲ್ಲಿ "ಓಪನ್ ಟು ವರ್ಕ್" ಹಾಕುವಾಗ ಎರಡು ಆಯ್ಕೆ ಬರುತ್ತವೆ. ಒಂದು, ಎಲ್ಲರಿಗೂ ಕಾಣುವುದು. ಫೋಟೊ ಸುತ್ತ ಹಸಿರು ಪಟ್ಟಿ ಬರುತ್ತದೆ. ಇನ್ನೊಂದು, ರಿಕ್ರೂಟರ್‌ಗಳಿಗೆ ಮಾತ್ರ ಕಾಣುವುದು. ಎರಡನೆಯದನ್ನು ಆರಿಸಿ. ನಿಮ್ಮ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಮಾಡಲು ಲಿಂಕ್ಡ್‌ಇನ್‌ನವರು ಪ್ರಯತ್ನಿಸುತ್ತಾರೆ, ಆದರೆ ನೂರಕ್ಕೆ ನೂರು ಗ್ಯಾರಂಟಿ ಅಂತ ಅವರೂ ಹೇಳುವುದಿಲ್ಲ. ಆಫೀಸಿನ ವೈಫೈ, ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸ ಬೇಡ.

ಮಗು ಆದ ಮೇಲೆ ನಾಲ್ಕು ವರ್ಷ ಗ್ಯಾಪ್ ಇದೆ. ಹೇಗೆ ತೋರಿಸಲಿ?

ಇದ್ದ ಹಾಗೇ ತೋರಿಸಿ. 2022ರಿಂದ ಲಿಂಕ್ಡ್‌ಇನ್‌ನಲ್ಲಿ ಕೆರಿಯರ್ ಬ್ರೇಕ್ ಅಂತಲೇ ಒಂದು ವಿಭಾಗ ಇದೆ. ಮಗು ನೋಡಿಕೊಂಡದ್ದು, ಅತ್ತೆ ಮಾವನ ಕಾಯಿಲೆ ನೋಡಿಕೊಂಡದ್ದು ಮುಚ್ಚಿಡುವ ವಿಷಯವೇ ಅಲ್ಲ. ಹಳೆಯ ಸಹೋದ್ಯೋಗಿಗಳಿಗೆ ಮೊದಲು ಫೋನ್ ಮಾಡಿ. ನೀವು ಹೇಗೆ ಕೆಲಸ ಮಾಡುತ್ತಿದ್ದಿರಿ ಅಂತ ಅವರು ಮರೆತಿರುವುದಿಲ್ಲ. ವಾಪಸ್ ಬಂದ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದ್ದರು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಮೋಸದ ಕೆಲಸ ಅಂತ ಹೇಗೆ ಕಂಡುಹಿಡಿಯೋದು?

ನನ್ನ ಅಕ್ಕನ ಮಗನಿಗೆ ಆದದ್ದನ್ನು ಹೇಳುತ್ತೇನೆ. ಟೆಲಿಗ್ರಾಂನಲ್ಲಿ ಮೆಸೇಜ್ ಬಂತು. ಮನೆಯಲ್ಲೇ ಕೂತು ವಿಡಿಯೊಗಳಿಗೆ ಲೈಕ್ ಒತ್ತುವುದು, ಒಂದಕ್ಕೆ 50 ರೂಪಾಯಿ. ಮೂರು ಒತ್ತಿದ, 150 ರೂಪಾಯಿ ನಿಜವಾಗಿಯೂ ಖಾತೆಗೆ ಬಂತು. ಅಲ್ಲೇ ಅವನಿಗೆ ನಂಬಿಕೆ ಬಂದುಬಿಟ್ಟಿತು. ಆಮೇಲೆ 1,000 ಹಾಕಿದರೆ 1,300 ಅಂದರು, ಅದೂ ಬಂತು. ಆಮೇಲೆ 5,000, ಅದನ್ನು ಬಿಡಿಸಿಕೊಳ್ಳಲು 12,000. ಒಟ್ಟು 17,000 ಹೋಯಿತು. ಮನೆಯಲ್ಲಿ ಹೇಳಲು ನಾಚಿಕೆಪಟ್ಟು ನಾಲ್ಕು ದಿನ ಊಟ ಬಿಟ್ಟು ಮಲಗಿದ್ದ. ನಮಗೆ ಗೊತ್ತಾಗುವಷ್ಟರಲ್ಲಿ ದುಡ್ಡು ಎಷ್ಟೋ ಖಾತೆ ದಾಟಿತ್ತು.

ನಿಮಗೂ ಹೀಗಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಯಲ್ಲಿ ತಿಳಿಸಿದರೆ ದುಡ್ಡು ಮುಂದಕ್ಕೆ ಹೋಗುವ ಮೊದಲೇ ತಡೆಯಲು ಅವಕಾಶ ಇರುತ್ತದೆ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಮೋಸ ಹೋದ ಮಕ್ಕಳನ್ನು ಮನೆಯವರು ಬೈಯಬೇಡಿ. ಬೈಗುಳದ ಭಯಕ್ಕೇ ಅವರು ಆ ಗಂಟೆಗಳನ್ನು ಕಳೆದುಕೊಳ್ಳುತ್ತಾರೆ.

ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಯೂನಿಫಾರ್ಮ್, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಫೀಸ್, ಹೆಸರು ಏನೇ ಇರಲಿ. "ನಿಮ್ಮ ಬ್ಯಾಂಕ್ ಖಾತೆ ನಮಗೆ ಕೊಡಿ, ತಿಂಗಳಿಗೆ ಕಮಿಷನ್ ಕೊಡ್ತೀವಿ" ಅನ್ನುವುದು ಇನ್ನೂ ಅಪಾಯ. ಆ ಖಾತೆಯಲ್ಲಿ ಬೇರೆಯವರಿಂದ ಕದ್ದ ದುಡ್ಡು ಓಡಾಡುತ್ತದೆ, ಕೇಸ್ ನಿಮ್ಮ ಮೇಲೆ ಬರುತ್ತದೆ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ನಲ್ಲಿ ಡೇಟಾ ಎಂಟ್ರಿ ಅಂತ ಕರೆದುಕೊಂಡು ಹೋಗಿ ಸೈಬರ್ ವಂಚನೆ ಮಾಡಿಸುವ ಜಾಲಗಳ ಬಗ್ಗೆ ಸರ್ಕಾರವೇ ಎಚ್ಚರಿಸಿದೆ. ವಿದೇಶಕ್ಕೆ ಕಳಿಸುವ ಏಜೆಂಟ್ ನೋಂದಾಯಿತನೋ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಕೇಳುವ ಹಾಗಿಲ್ಲ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆ ಆಯಿತು. ಆಮೇಲಿಂದ "ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಸೀಟ್ ಗ್ಯಾರಂಟಿ" ಅನ್ನುವ ಮೆಸೇಜುಗಳನ್ನು ಗ್ರೂಪುಗಳಲ್ಲಿ ನೋಡಿದ್ದೇನೆ. ಎಚ್‌ಎಎಲ್ ನೇಮಕಾತಿ ಅದರ ಸ್ವಂತ ವೆಬ್‌ಸೈಟಿನ ಪ್ರಕಟಣೆಯ ಮೂಲಕ ಆಗುತ್ತದೆ. ಅಪ್ಪ ಅಮ್ಮ ತೆಂಗಿನಕಾಯಿ ಮಾರಿ ಕೂಡಿಟ್ಟ ದುಡ್ಡನ್ನು ಇಂಥವರ ಕೈಗೆ ಹಾಕಬೇಡಿ.

ನಮ್ಮ ಊರಿನವರಿಗೆ ಒಂದು ಅನುಕೂಲ ಇದೆ. ಕಂಪನಿ ವಸಂತನರಸಾಪುರದಲ್ಲೋ ಹಿರೇಹಳ್ಳಿಯಲ್ಲೋ ಅಂತರಸನಹಳ್ಳಿಯಲ್ಲೋ ಇದೆ ಅಂದರೆ ಬೈಕ್ ಹತ್ತಿ ಹೋಗಿ ಗೇಟಿನ ಸೆಕ್ಯುರಿಟಿಯವರನ್ನು ಕೇಳಿ. "ಅಣ್ಣ, ಇಲ್ಲಿ ಜನ ತಗೊಳ್ತಿದ್ದಾರಾ? ಡೈರೆಕ್ಟಾ, ಕಾಂಟ್ರ್ಯಾಕ್ಟಾ?" ಅವರಿಗೆ ಎಲ್ಲ ಗೊತ್ತಿರುತ್ತದೆ. ಕಾಂಟ್ರ್ಯಾಕ್ಟ್ ಅಂದರೆ ಪಿಎಫ್, ಇಎಸ್‌ಐ ಇದೆಯಾ, ಸಂಬಳದ ಚೀಟಿ ಯಾರ ಹೆಸರಿನಲ್ಲಿ ಬರುತ್ತದೆ ಅಂತ ಸೇರುವ ಮೊದಲೇ ಕೇಳಿ.

ಸರ್ಕಾರದ ಕಡೆಯಿಂದ ಏನಾದರೂ ಇದೆಯಾ?

ಇದೆ, ದುಡ್ಡು ಕೊಡಬೇಕಾಗಿಲ್ಲ. ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್, ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್, ಎರಡೂ ವೆಬ್‌ಸೈಟಿನಲ್ಲಿ ಹೆಸರು ಹಾಕಿ. ಉದ್ಯೋಗ ಮೇಳದ ಸುದ್ದಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಸಿಗುತ್ತದೆ. ಐಟಿಐ ಮುಗಿಸಿದವರು ಅಪ್ರೆಂಟಿಸ್‌ಶಿಪ್ ಪೋರ್ಟಲ್ ಮರೆಯಬೇಡಿ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು ಅಂತ ನಿಯಮ ಇದೆ. ಮೇಳಕ್ಕೆ ಹೋದರೆ ಸುಮ್ನೆ ರೆಸ್ಯೂಮೆ ಕೊಟ್ಟು ಬರಬೇಡಿ. ಟೇಬಲ್ ಹಿಂದೆ ಕೂತವರ ಹೆಸರು ಕೇಳಿ, ಸಂಜೆ ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಒಂದು ಸಾಲು ಬರೆಯಿರಿ. ದಿನಕ್ಕೆ ಇನ್ನೂರು ಜನರನ್ನು ನೋಡಿದ ಕಣ್ಣಿಗೆ ಆ ಒಂದು ಸಾಲಿನಿಂದ ನಿಮ್ಮ ಮುಖ ನೆನಪಾಗುತ್ತದೆ.

ಕೆಲಸ ಸಿಕ್ಕಿತು. ಇನ್ನೇನಾದರೂ ಮಾಡಬೇಕಾ?

"ಓಪನ್ ಟು ವರ್ಕ್" ತೆಗೆಯಿರಿ. ಗೊತ್ತಿಲ್ಲದವರ ಗ್ರೂಪುಗಳಿಂದ ಹೊರಗೆ ಬನ್ನಿ. ಹಾಕಿದ ಮೆಸೇಜಿಗೆ ಉತ್ತರ ಕೊಟ್ಟವರಿಗೆಲ್ಲ, ಅವರಿಂದ ಕೆಲಸ ಆಗಿರಲಿ ಬಿಡಲಿ, ಎಲ್ಲಿ ಸೇರಿದಿರಿ ಅಂತ ತಿಳಿಸಿ.

ಟ್ರೈನ್ ಅಣ್ಣ ತಮ್ಮ ಟೂಲ್ ರೂಮಿನಲ್ಲಿ ಜಾಗ ಇಲ್ಲ ಅಂದರು. ಆದರೆ ಅವರ ಹಳೆಯ ಸಹೋದ್ಯೋಗಿ ಒಬ್ಬರು ದಾಬಸ್‌ಪೇಟೆಯಲ್ಲಿ ಇದ್ದರು. ಆ ಹುಡುಗ ಈಗ ಅಲ್ಲಿದ್ದಾನೆ, ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದಾನೆ. ಮೊದಲ ಸಂಬಳ ಬಂದ ವಾರ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ರೈಲು ಹತ್ತಿ, ಟ್ರೈನ್ ಅಣ್ಣನ ಬೋಗಿ ಹುಡುಕಿಕೊಂಡು ಹೋಗಿದ್ದನಂತೆ. ಫೋನಿನಲ್ಲಿ ಆ ನಂಬರ್ ಈಗ ಅವರ ನಿಜವಾದ ಹೆಸರಿನಲ್ಲಿದೆ.